ಹಿಮದಲ್ಲಿ ಬಿದ್ದ ಟಾನ್‌ಟಾನ್

ಇಲ್ಲದ ಪ್ರಾಣಿಯನ್ನು ಕಲ್ಪಿಸುವುದು ಸುಲಭ. ಅದು ಇದೆಯೆಂದು ನಂಬಿಸುವುದು ಕಷ್ಟ. 1980ರಲ್ಲಿ ತೆರೆಕಂಡ, ಇರ್ವಿನ್ ಕರ್ಷ್ನರ್ ನಿರ್ದೇಶನದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರವನ್ನು ಮನೆಯ ಮಕ್ಕಳೊಡನೆ ಮತ್ತೊಮ್ಮೆ ನೋಡಿದಾಗ ನಮಗೆ ಹೀಗನ್ನಿಸಿತು.

ಕಥೆ ಆರಂಭವಾಗುವುದು ಹಾತ್ ಎಂಬ ಹಿಮಗ್ರಹದಲ್ಲಿ. ಅಲ್ಲಿನ ಸವಾರಿಯ ಪ್ರಾಣಿಯೇ ಟಾನ್‌ಟಾನ್. ಟಗರಿನಂಥ ಬಾಗಿದ ಕೊಂಬು, ಕಾಂಗರೂವಿನಂಥ ಹಿಂಗಾಲು, ಹಲ್ಲಿಯಂಥ ಬಾಲ, ಮೈತುಂಬ ತುಪ್ಪಳ. ಮಾತಿನಲ್ಲಿ ಹೇಳಿದರೆ ನಗು ಬರಿಸುವ ಈ ಮಿಶ್ರಣ ತೆರೆಯ ಮೇಲೆ ನಗು ಬರಿಸುವುದಿಲ್ಲ. ಫಿಲ್ ಟಿಪೆಟ್ ಮತ್ತು ಸಂಗಡಿಗರು ಪುಟ್ಟ ಗೊಂಬೆಯನ್ನು ಕೊಂಚಕೊಂಚವೇ ಸರಿಸುತ್ತ, ಒಂದೊಂದೇ ಚಿತ್ರ ತೆಗೆದು ಅದಕ್ಕೆ ಓಟ ಕಲಿಸಿದರು. ನಾರ್ವೆಯ ಫಿನ್ಸೆಯಲ್ಲಿ ಸೆರೆಹಿಡಿದ ನಿಜವಾದ ಹಿಮ ಅದಕ್ಕೆ ನೆಲವಾಯಿತು. ಈ ಶ್ರಮ ಮೆಚ್ಚತಕ್ಕದ್ದು.

ನಮ್ಮ ತಕರಾರು ಕಥೆಯ ಮೇಲೆ. ಗೆಳೆಯ ಲ್ಯೂಕ್ ಹಿಮದಲ್ಲಿ ಕಾಣೆಯಾಗಿದ್ದಾನೆ. ಯಂತ್ರವಾಹನಗಳು ಇನ್ನೂ ಚಳಿಗೆ ಒಗ್ಗಿಲ್ಲ. ಹ್ಯಾನ್ ಸೋಲೋ ಟಾನ್‌ಟಾನ್ ಏರಿ ಹೊರಡುತ್ತಾನೆ. ಪ್ರಾಣಿ ದಾರಿಯಲ್ಲೇ ಹೆಪ್ಪುಗಟ್ಟಿ ಸಾಯುವುದೆಂದು ಅವನಿಗೆ ಮೊದಲೇ ಎಚ್ಚರಿಕೆ ಸಿಕ್ಕಿರುತ್ತದೆ. ಅದು ಅವನನ್ನು ಗೆಳೆಯನವರೆಗೆ ಮುಟ್ಟಿಸಿ, ಕುಸಿದು ಸಾಯುತ್ತದೆ. ಹ್ಯಾನ್ ಅದರ ಹೊಟ್ಟೆ ಸೀಳಿ, ಒಳಗಿನ ಬಿಸಿಯಲ್ಲಿ ಲ್ಯೂಕ್‌ನನ್ನು ಮಲಗಿಸಿ ಉಳಿಸುತ್ತಾನೆ.

ಆ ನೆಲದಲ್ಲೇ ಹುಟ್ಟಿದ ಪ್ರಾಣಿ ಆ ನೆಲದ ಚಳಿಗೇ ಸಾಯುವುದೆ ಎಂದು ಮಕ್ಕಳು ಕೇಳಿದರು. ನಾವೂ ಇದನ್ನು ಮೊದಲು ತಪ್ಪೆಂದೇ ಎಣಿಸಿದೆವು. ಯೋಚಿಸಿದರೆ, ತನ್ನ ಪಾಡಿಗೆ ಬಿಟ್ಟಿದ್ದರೆ ಅದು ಇರುಳಿಗೆ ಮುನ್ನ ಎಲ್ಲಿಯಾದರೂ ಮರೆ ಸೇರುತ್ತಿತ್ತೇನೋ. ಹೊತ್ತಲ್ಲದ ಹೊತ್ತಿನಲ್ಲಿ ಹೊರಗೋಡಿಸಿದವನು ಸವಾರ. ಗೆಳೆಯನ ಪ್ರಾಣ ದೊಡ್ಡದು, ಒಪ್ಪೋಣ. ಆದರೆ ಸತ್ತ ಪ್ರಾಣಿಗೆ ಸಿಗುವುದು ಅದರ ನಾತದ ಮೇಲೊಂದು ಹಾಸ್ಯದ ಮಾತು ಮಾತ್ರ. ಮೈ ಸವರುವ ಒಂದು ಕೈಯೂ ಇಲ್ಲ.

ಉಳುವ ಎತ್ತು ಸತ್ತಾಗ ಮನೆಮಂದಿಯೆಲ್ಲ ಕಣ್ಣೀರಿಟ್ಟದ್ದನ್ನು ಊರಿನಲ್ಲಿ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ನಗರದಲ್ಲೇ ಹುಟ್ಟಿದ ನಮ್ಮ ಮಕ್ಕಳು ಅದನ್ನು ಕಂಡಿಲ್ಲ. ಆದರೂ ಆ ಹಾಸ್ಯಕ್ಕೆ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಗೊಂಬೆಗೆ ಜೀವ ತುಂಬಿದವರು ಗೆದ್ದರೆನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅವರು ತುಂಬಿದ ಜೀವಕ್ಕೆ ಕಥೆ ಬರೆದವರು ಬೆಲೆ ಕೊಡಲಿಲ್ಲವೆಂಬುದೇ ನಮ್ಮ ಕೊರಗು.