ದೊಡ್ಡಗಾಜನೂರಿನಲ್ಲಿ ಮೋಹನಸ್ವಾಮಿಯನ್ನು ಓದುವುದು

ಪುಸ್ತಕವೊಂದರ ಯೋಗ್ಯತೆ ತಿಳಿಯಬೇಕಾದರೆ ಅದು ಯಾರಿಗೆ ತೀರಾ ಬೇಕಾಗಿದೆಯೋ ಅವರ ಕೈಗೆ ಕೊಟ್ಟು ನೋಡಬೇಕು. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಛಂದ ಪುಸ್ತಕ ಪ್ರಕಾಶನದಿಂದ ಹೊರಬಂದದ್ದು 2013ರಲ್ಲಿ. ಗೇ ಗಂಡಸಿನ ಬದುಕನ್ನು ಒಳಗಿನಿಂದ, ತಮ್ಮ ಹೆಸರನ್ನೇ ಪಣಕ್ಕಿಟ್ಟು ಬರೆದ ಸಂಕಲನವೆಂದು ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿದೆ. ಈಗ ಅದನ್ನು ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ಇಪ್ಪತ್ತರ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕೆನ್ನಿಸುತ್ತದೆ. ಅಂಥ ಹುಡುಗ ಅಲ್ಲಿ ಇದ್ದೇ ಇರುತ್ತಾನೆ. ಅವನಿಲ್ಲದ ಊರಿಲ್ಲ.

ದೊಡ್ಡಗಾಜನೂರು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಮನೆಮಾತು ಕನ್ನಡ, ಸರ್ಕಾರದ ಮಾತು ತಮಿಳು. ನೆಂಟಸ್ತಿಕೆಗೆ ಚಾಮರಾಜನಗರ ಹತ್ತಿರ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಕನ್ನಡಿಗರಿಗೆಲ್ಲ ಈ ಊರು ಗೊತ್ತಿರುವುದು ಡಾ. ರಾಜ್‌ಕುಮಾರ್ ಅವರ ಹುಟ್ಟೂರೆಂದು, ಕಾಡುಗಳ್ಳ ವೀರಪ್ಪನ್ 2000ದ ಜುಲೈ 30ರ ರಾತ್ರಿ ಅವರನ್ನು ಅಪಹರಿಸಿದ ಜಾಗವೆಂದು. ಗಂಡಸು ಹೇಗಿರಬೇಕೆಂಬುದನ್ನು ನಮ್ಮ ಎರಡು ಮೂರು ತಲೆಮಾರು ಈ ಊರಿನ ಮಗನನ್ನು ತೆರೆಯ ಮೇಲೆ ನೋಡಿಯೇ ಕಲಿತವು. ತಾಯಿಯ ಮಾತು ಮೀರದ ಮಗ, ತಂಗಿಯ ಮದುವೆಯ ಹೊಣೆ ಹೊತ್ತ ಅಣ್ಣ, ಮೆಚ್ಚಿದ ಹೆಣ್ಣಿನ ಕೈಹಿಡಿದು ಸಂಸಾರ ಹೂಡುವ ಗಂಡ. ಈ ಮಾದರಿಯಲ್ಲಿ ಸಜ್ಜನಿಕೆಯಿದೆ, ಅದಕ್ಕೇ ಅದು ಜನರ ಮನಸ್ಸಿನಲ್ಲಿ ನೆಲೆಸಿದೆ. ಆದರೆ ಹೆಣ್ಣನ್ನು ಬಯಸದ ಹುಡುಗ ಅಲ್ಲಿ ಒಳ್ಳೆಯ ಮಗನೂ ಒಳ್ಳೆಯ ಅಣ್ಣನೂ ಆಗಬಲ್ಲ. ಮೂರನೆಯ ಪಾತ್ರದ ಹೊತ್ತಿಗೆ ತಡವರಿಸುತ್ತಾನೆ. ತಾನೇ ತಪ್ಪು ಹುಟ್ಟು ಎಂದು ಅವನು ನಂಬತೊಡಗುವುದು ಅಲ್ಲಿಂದ.

‘ಮೋಹನಸ್ವಾಮಿ’ಯ ಮೊದಲ ಬಲವಿರುವುದು ಈ ನಂಬಿಕೆ ಹುಟ್ಟುವ ಬಗೆಯನ್ನು ತೋರಿಸುವುದರಲ್ಲಿ. ಸೈಕಲ್ ಕಲಿಯಲಾಗದ ಹುಡುಗನ ಕತೆಯೊಂದು ಇಲ್ಲಿದೆ. ಸೈಕಲ್ಲು ಹತ್ತಲಾರದವನು ಗಂಡಸೇ ಅಲ್ಲವೆಂಬ ಓರಗೆಯವರ ತೀರ್ಪು ಅವನೊಳಗೆ ಕೂತುಬಿಡುತ್ತದೆ. ಬಾಲ್ಯದ ಅವಮಾನ ಇಷ್ಟು ಚಿಕ್ಕ ವಸ್ತುವಿನ ಮೂಲಕ ಬರುತ್ತದೆಂಬುದನ್ನು ಬಲ್ಲವರೇ ಹೀಗೆ ಬರೆಯಬಲ್ಲರು. ‘ಕಗ್ಗಂಟು’ ಇನ್ನೂ ಪಕ್ವವಾದ ಕತೆ. ಎಂಥ ಗಂಟನ್ನಾದರೂ ತಾಳ್ಮೆಯಿಂದ ಬಿಡಿಸಬಲ್ಲ ಮೋಹನಸ್ವಾಮಿ ತನ್ನ ಸಂಗಾತಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಕೈಚೆಲ್ಲಿ ಕೂರುತ್ತಾನೆ. ಇಬ್ಬರು ಗಂಡಸರ ಜಗಳ, ಮುನಿಸು, ಅಸೂಯೆ ಯಾವುದೇ ಸಂಸಾರದಲ್ಲಿನಷ್ಟೇ ಸಹಜವಾಗಿ ಬರುತ್ತವೆ. ಅವರ ಕೂಟಕ್ಕೆ ಹೆಸರಿಲ್ಲದ್ದರಿಂದ ಅದು ಮುರಿದಾಗ ಅಳಲಿಕ್ಕೂ ಹಕ್ಕಿಲ್ಲ. ಮೋಹನಸ್ವಾಮಿಯ ದುಃಖಕ್ಕೆ ಸಾಂತ್ವನ ಹೇಳಲು ಯಾರೂ ಬರುವುದಿಲ್ಲ, ಏಕೆಂದರೆ ಏನನ್ನು ಕಳೆದುಕೊಂಡನೆಂದು ಯಾರಿಗೂ ಗೊತ್ತಿಲ್ಲ. ಈ ಕತೆ ಓದಿದ ಮೇಲೆ ನಮ್ಮ ಹುಡುಗನಿಗೆ ಒಂದಂತೂ ಖಚಿತವಾಗುತ್ತದೆ: ತನ್ನದು ರೋಗವಲ್ಲ, ಪ್ರೀತಿಯೇ.

ಈ ಕತೆಗಳು ಮನೆಯೊಳಗೆ ಹೊಕ್ಕ ದಾರಿಯೂ ವಿಮರ್ಶೆಗೆ ಮುಖ್ಯ. ‘ಕಗ್ಗಂಟು’ ಮೊದಲು ‘ದೇಶಕಾಲ’ ಪತ್ರಿಕೆಯಲ್ಲಿ ಗುಪ್ತನಾಮದಲ್ಲಿ ಅಚ್ಚಾಗಿತ್ತು. ಸಂಕಲನಕ್ಕೆ ಲೇಖಕರು ತಮ್ಮ ಹೆಸರು ಹಾಕಿಕೊಂಡರು, ತಾವು ಗೇ ಎಂದು ಬಹಿರಂಗವಾಗಿ ಹೇಳಿದರು. ಅಷ್ಟರಲ್ಲಾಗಲೇ ‘ನಮ್ಮಮ್ಮ ಅಂದ್ರೆ ನನಗಿಷ್ಟ’ ಬರೆದು ಅವರು ಕನ್ನಡದ ಅಮ್ಮಂದಿರಿಗೆಲ್ಲ ಮಗನಂತಾಗಿದ್ದರು. ಅಪರಿಚಿತನೊಬ್ಬ ಇದೇ ಮಾತು ಹೇಳಿದ್ದರೆ ಓದುಗರು ಪುಸ್ತಕ ಮುಚ್ಚಿಡಬಹುದಿತ್ತು. ಮನೆಮಗ ಹೇಳಿದಾಗ ಕೂತು ಕೇಳಲೇಬೇಕಾಯಿತು. ಅವರು ನಂತರ ಸಲಿಂಗಿಗಳ ನೆರವಿನ ಗುಂಪುಗಳಲ್ಲಿ ತೊಡಗಿಕೊಂಡದ್ದನ್ನೂ ಸೇರಿಸಿದರೆ, ಈ ಪುಸ್ತಕ ತನ್ನ ಪುಟಗಳಾಚೆಗೂ ಕೆಲಸ ಮಾಡಿದೆ.

ನನ್ನ ತಕರಾರು ಪುಟಗಳ ಒಳಗಿನದು. ಹಳ್ಳಿಯ ಶಂಕರಗೌಡನ ಕತೆ ‘ತಗಣಿ’ಯನ್ನೂ ಕೊನೆಯ ‘ಕಿಲಿಮಂಜಾರೋ’ವನ್ನೂ ಒಟ್ಟಿಗಿಟ್ಟು ನೋಡಿ. ನಡೆನುಡಿಯಲ್ಲಿ ಹೆಣ್ಣಿಗನೆಂದು ಗೇಲಿಗೊಳಗಾದ ಶಂಕರಗೌಡ ಮನೆತನದ ಮರ್ಯಾದೆಗೆ ಬಲಿಯಾಗುತ್ತಾನೆ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸವಿರುವ ಮೋಹನಸ್ವಾಮಿ ಆಫ್ರಿಕಾದ ಶಿಖರವೇರುತ್ತ ತನ್ನ ಜೊತೆ ತಾನು ರಾಜಿಯಾಗುತ್ತಾನೆ. ಎರಡೂ ಶಕ್ತಿಯುತ ಕತೆಗಳು. ‘ತಗಣಿ’ಯ ಕ್ರೌರ್ಯ ಉತ್ಪ್ರೇಕ್ಷೆಯೂ ಅಲ್ಲ. ಆದರೆ ಹಳ್ಳಿಯಲ್ಲಿ ಉಳಿದವನಿಗೆ ಸಾವು, ನಗರಕ್ಕೆ ಹೋದವನಿಗೆ ಬಿಡುಗಡೆ ಎಂಬ ಚೌಕಟ್ಟನ್ನು ಇವೆರಡೂ ಸೇರಿ ಕಟ್ಟುತ್ತವೆ. ಅಪ್ಪನ ಎರಡೆಕರೆ ಅರಿಸಿನವನ್ನೋ ರಾಗಿಯನ್ನೋ ನೋಡಿಕೊಳ್ಳಬೇಕಾದ ನಮ್ಮ ಹುಡುಗ ಎಲ್ಲಿಗೆ ಹೋಗಬೇಕು? ಅವನ ಪಾಲಿಗೆ ಕಿಲಿಮಂಜಾರೋ ಬೇರೆಯವರ ಸುಖ.

ಇದಕ್ಕಿಂತ ಆಳದ ಕೊರತೆ, ಮೋಹನಸ್ವಾಮಿ ತನ್ನನ್ನು ಒಪ್ಪಿಕೊಳ್ಳುವುದು ಒಬ್ಬಂಟಿಯಾಗಿ ಎಂಬುದು. ಅವನಿರುವ ಬೆಂಗಳೂರಿನಲ್ಲೇ 1994ರಿಂದ ಸಲಿಂಗಿಗಳ ‘ಗುಡ್ ಆ್ಯಸ್ ಯೂ’ ಗುಂಪು ಸೇರುತ್ತಿತ್ತು. 1999ರಲ್ಲಿ ಶುರುವಾದ ‘ಸಂಗಮ’ ಸಂಸ್ಥೆ ಇಂಗ್ಲಿಷ್ ಬಾರದ, ದಿನಗೂಲಿ ಮಾಡುವ, ಪೊಲೀಸರ ಲಾಠಿಗೆ ಸಿಕ್ಕ ಜನರ ಜೊತೆ ನಿಂತಿತು. 2008ರಲ್ಲಿ ನಗರದ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಕಥನದಲ್ಲಿ ಈ ಲೋಕದ ನೆರಳು ಬಹಳ ತೆಳು. ಲೇಖಕರ ಬದುಕಿನಲ್ಲಿ ಸಿಕ್ಕ ಬಳಗ ಕಥಾನಾಯಕನಿಗೆ ಸಿಗದೇ ಹೋಯಿತು. ಹೀಗಾಗಿ ಸ್ವೀಕಾರವೆಂಬುದು ಎದೆಗಟ್ಟಿ ಮಾಡಿಕೊಂಡವನೊಬ್ಬನ ಸಾಹಸದಂತೆ ಕಾಣುತ್ತದೆ. ವಾಸ್ತವದಲ್ಲಿ ಬಹುಪಾಲು ಜನ ತಮ್ಮನ್ನು ಒಪ್ಪಿಕೊಳ್ಳುವುದು ತಮ್ಮಂಥ ಇನ್ನೊಬ್ಬ ಎದುರು ಕೂತು ಚಹಾ ಕುಡಿಯುತ್ತ, ಮಾಮೂಲಿ ಮಾತಾಡುತ್ತ, ನೆಮ್ಮದಿಯಾಗಿ ಬದುಕಿರುವುದನ್ನು ಕಂಡಾಗ.

ಹಳ್ಳಿಯಲ್ಲಿ ಅಂಥ ಭೇಟಿಗೆ ಅಡ್ಡ ನಿಲ್ಲುವುದು ಊರಿನ ಚಾಡಿಮಾತು. ದೊಡ್ಡಗಾಜನೂರಿರುವ ತಾಳವಾಡಿ ಸೀಮೆಯಲ್ಲೇ ಗುಮಟಾಪುರವಿದೆ. ದೀಪಾವಳಿ ಮುಗಿದ ಮೇಲೆ ಅಲ್ಲಿ ಬೀರೇಶ್ವರನ ಗೊರೆ ಹಬ್ಬ. ಗಂಡಸರು ಸಗಣಿಯುಂಡೆ ಎರಚಾಡುವುದನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಅದೇ ಹಬ್ಬದಲ್ಲಿ ಚಾಡಿಕೋರನಿಗೆ ಹುಲ್ಲಿನ ಗಡ್ಡಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ, ಬಾಯಿಗೆ ಬಂದಂತೆ ಬೈಯುವ ಆಚರಣೆಯೂ ಇದೆ. ಚಾಡಿ ಮಾತು ಊರು ಕೆಡಿಸುತ್ತದೆಂಬ ತಿಳಿವಳಿಕೆ ಈ ಜನಕ್ಕೆ ಹಳೆಯದು. ಆ ವಿವೇಕವನ್ನು ಈ ಹುಡುಗರ ವಿಷಯಕ್ಕೂ ಹಿಗ್ಗಿಸಿದರೆ ಸಾಕು, ಅರ್ಧ ಭಯ ಕಳೆಯುತ್ತದೆ. ಕನ್ನಡದ ಕತೆಗಾರರು ಇಂಥ ಒಳಗಿನ ಆಸರೆಗಳನ್ನು ಹುಡುಕಬೇಕು. ಹಳ್ಳಿಯೆಂದರೆ ಕೊಲ್ಲುವ ಜಾಗ ಎಂದಷ್ಟೇ ಬರೆದರೆ, ಅಲ್ಲಿ ಗುಟ್ಟು ಕಾಯುವ ಅತ್ತಿಗೆ, ಏನನ್ನೂ ಕೇಳದೆ ಜೊತೆ ನಿಲ್ಲುವ ಗೆಳೆಯ ಕತೆಯೊಳಗೆ ಬರುವುದೇ ಇಲ್ಲ.

ಈ ನಡುವೆ ಕಾನೂನು ಸಾಕಷ್ಟು ದೂರ ಬಂದಿದೆ. ‘ಮೋಹನಸ್ವಾಮಿ’ ಬಂದ ವರ್ಷದ ಡಿಸೆಂಬರ್ 11ರಂದೇ ಸುಪ್ರೀಂ ಕೋರ್ಟು 377ನೇ ಕಲಮನ್ನು ಎತ್ತಿಹಿಡಿದು ಸಲಿಂಗಿಗಳನ್ನು ಮತ್ತೆ ಅಪರಾಧಿಗಳ ಸಾಲಿಗೆ ನೂಕಿತ್ತು. 2018ರ ಸೆಪ್ಟೆಂಬರ್ 6ರಂದು ಆ ಕಳಂಕ ತೊಡೆದುಹೋಯಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕನ್ನು ಅದೇ ನ್ಯಾಯಾಲಯ ನಿರಾಕರಿಸಿತು. ದೊಡ್ಡಗಾಜನೂರಿನವರಿಗೆ ಹೈಕೋರ್ಟೆಂದರೆ ಮದರಾಸಿನದು, ಅಲ್ಲಿ ನಡೆದದ್ದು ಇನ್ನೂ ಗಮನಾರ್ಹ. ಮನೆಬಿಟ್ಟು ಬಂದ ಇಬ್ಬರು ಯುವತಿಯರ ಪ್ರಕರಣ ಕೈಗೆ ಬಂದಾಗ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತಮಗೆ ಈ ವಿಷಯದ ಅರಿವು ಸಾಲದೆಂದು ಆಪ್ತಸಮಾಲೋಚಕರ ಬಳಿ ಕೂತು ಕಲಿತರು. 2021ರ ಜೂನ್ 7ರ ಆದೇಶದಲ್ಲಿ, ‘ಸರಿಪಡಿಸುವ’ ಹೆಸರಿನ ಚಿಕಿತ್ಸೆಗಳನ್ನು ನಿಷೇಧಿಸಿದರು. 2025ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡವರೂ ಕುಟುಂಬವೇ ಎಂದಿತು. ನಮ್ಮ ಹುಡುಗನನ್ನು ಯಾರಾದರೂ ಮಂತ್ರವಾದಿಯ ಬಳಿಗೋ ವೈದ್ಯರ ಬಳಿಗೋ ಎಳೆದೊಯ್ಯಲು ಹೊರಟರೆ ಈ ಮಾತುಗಳು ಅವನ ಪರವಾಗಿವೆ. ಅವು ಅವನ ಮನೆಯವರೆಗೆ, ಅವನ ಕನ್ನಡದಲ್ಲಿ ಇನ್ನೂ ಹೋಗಬೇಕಿದೆ.

‘ಮೋಹನಸ್ವಾಮಿ’ ಮಹತ್ವದ ಕೃತಿಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕೆಲವು ಕಡೆ ಅದು ಓದುಗನಿಗೆ ವಿವರಿಸಿ ಹೇಳಲು ಆತುರಪಡುತ್ತದೆ. ಮೊದಲ ಬಾರಿಗೆ ಬಾಯಿಬಿಡುವವರಿಗೆ ಆ ಆತುರ ಸಹಜ. ‘ನೀನು ತಪ್ಪಲ್ಲ’ ಎಂದು ಕನ್ನಡದ ಹುಡುಗನಿಗೆ ಕನ್ನಡದಲ್ಲೇ ಹೇಳಿದ್ದು ಅದರ ಸಾಧನೆ. ‘ನೀನು ಒಬ್ಬನೇ ಅಲ್ಲ’ ಎಂಬ ಎರಡನೆಯ ಮಾತು ಬಾಕಿ ಉಳಿದಿದೆ. ಅದನ್ನು ಹೇಳುವ ಕತೆ ತಾಳವಾಡಿಯಲ್ಲೋ ಹನೂರಿನಲ್ಲೋ ಉಳಿದು ಬಾಳುವ ಗಂಡಸರದ್ದಾಗಿರಬೇಕು. ಅಂಥ ಕತೆ ಬರುವತನಕ ಕನ್ನಡ ಶಾಲೆಯ ಮೇಷ್ಟ್ರುಗಳು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು ಮಾಡಬಹುದಾದ ಕೆಲಸವೊಂದಿದೆ: ಈ ಪುಸ್ತಕ ತರಿಸಿ, ಕೇಳದೆಯೇ ಕೈಗೆ ಸಿಗುವ ಕಡೆ ಇಡುವುದು. ಓದಿದ ಹುಡುಗ ಮಾತಾಡಲು ಬಂದರೆ, ಆ ಮಾತನ್ನು ಮೂರನೆಯವರಿಗೆ ದಾಟಿಸದೆ ಕೇಳಿಸಿಕೊಳ್ಳುವುದು. ಬಳಗ ಶುರುವಾಗಲು ಇಬ್ಬರು ಸಾಕು.