ಡುಕಡಾಮನ ಕೈ, ಉಳಿದವರ ಕಾಲು

1986ರ ಮೇ 7ರಂದು ಸೆವಿಲ್ಲಾದಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್ಲನ್ನ ಯೂಟ್ಯೂಬಿನಲ್ಲಿ ಎಲ್ಲರೂ ಐದು ನಿಮಿಷ ನೋಡಿರ್ತಾರೆ. ರೊಮೇನಿಯಾದ ಸ್ತೆವಾ ಬುಕಾರೆಸ್ಟ್ ತಂಡದ ಗೋಲ್‌ಕೀಪರ್ ಡುಕಡಾಮ್ ಬಾರ್ಸಿಲೋನಾದ ನಾಲ್ಕು ಪೆನಾಲ್ಟಿಗಳನ್ನ ನಾಲ್ಕಕ್ಕೆ ನಾಲ್ಕೂ ತಡೆದ ಐದು ನಿಮಿಷ. ಅದಕ್ಕೂ ಮುಂಚಿನ 120 ನಿಮಿಷ ನೋಡಿದವರು ಕಮ್ಮಿ. ನೋಡಿದವರೂ 'ಬೋರು ಮಾರಾಯ' ಅಂತಾರೆ. ನಾನು ಎರಡು ಸಲ ಕೂತು ನೋಡಿದೀನಿ. ಬೋರು ನಿಜ. ಆದರೆ ಆ ಬೋರು ಯಾರ ತಪ್ಪು ಅನ್ನೋದರಲ್ಲಿ ನನ್ನ ತಕರಾರಿದೆ.

ಆ ಸೀಸನ್ನಿಗೆ ಅಂಟಿದ ಮಾತು ಒಂದೇ: ಹಿಂದಿನ ವರ್ಷದ ಹೇಸೆಲ್ ದುರಂತದ ಮೇಲೆ ಇಂಗ್ಲೆಂಡಿನ ಕ್ಲಬ್ಬುಗಳಿಗೆ ನಿಷೇಧ ಇತ್ತು, ಎವರ್ಟನ್ ಇರಲಿಲ್ಲ, ಹಾಗಾಗಿ ಕಪ್ಪು ಹಗುರ. ಸರಿ, ಎವರ್ಟನ್ ಇರಲಿಲ್ಲ. ಆದರೆ ಹಾಲಿ ಚಾಂಪಿಯನ್ ಯುವೆಂಟಸ್ ಇತ್ತಲ್ಲ. ಅದನ್ನ ಕ್ವಾರ್ಟರ್ ಫೈನಲ್ಲಿನಲ್ಲಿ ಸೋಲಿಸಿದ್ದೇ ಬಾರ್ಸಿಲೋನಾ. ಸ್ತೆವಾಗೆ ಅದೃಷ್ಟ ಇರಲಿಲ್ಲ ಅಂತ ನಾನೂ ಹೇಳಲ್ಲ. ಕ್ವಾರ್ಟರಿನಲ್ಲಿ ಸಿಕ್ಕಿದ್ದು ಫಿನ್ಲೆಂಡಿನ ಕೂಸುಸಿ ಲಾಹ್ತಿ, ಎರಡು ಪಂದ್ಯ ಸೇರಿ ಹೊಡೆದದ್ದು ಒಂದೇ ಗೋಲು. ಆದರೆ ಸೆಮಿಯಲ್ಲಿ ಆಂಡರ್ಲೆಕ್ಟ್ ಎದುರು ಮೊದಲ ಪಂದ್ಯ 0-1 ಸೋತು, ಬುಕಾರೆಸ್ಟಿನಲ್ಲಿ 3-0 ತಿರುಗಿಸಿ ಹೊಡೆದ ತಂಡ ಅದು. ಬರೀ ಗೋಡೆ ಕಟ್ಟಿ ಕೂರೋರಾಗಿದ್ದರೆ ಅದು ಆಗ್ತಿರಲಿಲ್ಲ.

ಫೈನಲ್ಲಿಗೆ ಕ್ಯಾಪ್ಟನ್ ಸ್ತೊಯಿಕಾಗೆ ಸಸ್ಪೆನ್ಷನ್. ಸ್ಟೇಡಿಯಮ್ಮಿನ ತುಂಬಾ ಬಾರ್ಸಿಲೋನಾ ಜನ. ಕೋಚ್ ಯೆನೈ ಎರಡನೇ ಅರ್ಧದಲ್ಲಿ ಯಾರನ್ನ ಇಳಿಸಿದರು ಗೊತ್ತಾ? ತಮ್ಮ ಅಸಿಸ್ಟೆಂಟ್ ಯೊರ್ದನೆಸ್ಕುನ, 36 ವರ್ಷದವರನ್ನ. ಇಂಥ ತಂಡ ಚೆಂಡನ್ನ ನಿಧಾನಕ್ಕೆ ತಿರುಗಿಸ್ತಾ ಹೊತ್ತು ಕಳೆದರೆ ಅದು ಹೇಡಿತನ ಹೇಗಾಗುತ್ತೆ? ದಾರಿ ಹುಡುಕಬೇಕಿದ್ದದ್ದು ಶುಸ್ಟರ್, ಆರ್ಚಿಬಾಲ್ಡ್ ಇದ್ದ ಬಾರ್ಸಿಲೋನಾ. ಅವರ ಕೋಚ್ ವೆನಬಲ್ಸ್ 85ನೇ ನಿಮಿಷಕ್ಕೆ ಶುಸ್ಟರನ್ನೇ ವಾಪಸ್ ಕರೆದರು. ಆತ ಸಿಟ್ಟಿಗೆದ್ದು, ಪಂದ್ಯ ಮುಗಿಯೋ ಮುಂಚೆ ಸ್ಟೇಡಿಯಂ ಬಿಟ್ಟೇ ಹೋದ. ಪೆನಾಲ್ಟಿ ಬರೀ ಲಾಟರಿ ಅಂತ ಗೊಣಗೋಕೂ ಬಾರ್ಸಿಲೋನಾಗೆ ಬಾಯಿಲ್ಲ. ಸೆಮಿಯಲ್ಲಿ ಗೋಥೆನ್‌ಬರ್ಗ್ ಎದುರು ಗೆದ್ದದ್ದೂ ಪೆನಾಲ್ಟಿಯಲ್ಲೇ.

ಸ್ತೆವಾ ಸೈನ್ಯದ ಕ್ಲಬ್ಬು, ಚೌಶೆಸ್ಕು ಮಗನ ನೆರಳಿನಲ್ಲಿದ್ದದ್ದು. ಆಮೇಲೆ ದೇಶದೊಳಗೆ 104 ಲೀಗ್ ಪಂದ್ಯ ಸೋಲಲೇ ಇಲ್ಲ ಅನ್ನೋ ದಾಖಲೆಯನ್ನ ಅನುಮಾನದಿಂದ ನೋಡೋದು ನ್ಯಾಯವೇ. ಆದರೆ ಸೆವಿಲ್ಲಾದಲ್ಲಿ ಯಾವ ಸೈನ್ಯ ಇತ್ತು? ಮುಂದೆ ಡುಕಡಾಮ್ ಇಲ್ಲದೆಯೂ ಅದೇ ಕ್ಲಬ್ಬು 1989ರ ಫೈನಲ್ ಮುಟ್ಟಿತು, ಮಿಲಾನ್ ಕೈಲಿ 4-0 ಹೊಡೆಸಿಕೊಳ್ತು, ಅದು ಬೇರೆ.

ಡುಕಡಾಮ್ ವಿಷಯದಲ್ಲೂ ಜನಕ್ಕೆ ಕತೆಯೇ ರುಚಿ. ಚೌಶೆಸ್ಕು ಕಡೆಯವರು ಅವನ ಕೈ ಮುರಿಸಿದರು ಅಂತ ಇವತ್ತಿಗೂ ಶೇರ್ ಮಾಡ್ತಾರೆ. ಅವನೇ ಅದನ್ನ ಅಲ್ಲಗಳೆದಿದ್ದ. ಆಗಿದ್ದು ತೋಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು. ಮೊದಲ ಮೂರು ಪೆನಾಲ್ಟಿಗೆ ಬಲಕ್ಕೆ ಹಾರಿ, 'ಇನ್ನೀಗ ಬದಲಾಯಿಸ್ತಾರೆ' ಅಂತ ನಾಲ್ಕನೇದಕ್ಕೆ ಎಡಕ್ಕೆ ಹಾರಿದನಲ್ಲ, ಆ ತಲೆಯ ಬಗ್ಗೆ ಮಾತಾಡೋದು ಬಿಟ್ಟು ಕೈಯ ವದಂತಿ ಹಿಡ್ಕೊಂಡಿದೀವಿ.

ಅಂದಹಾಗೆ ಅವತ್ತು ಬಾರ್ಸಿಲೋನಾ ಕೀಪರ್ ಉರುತಿ ಕೂಡ ಸ್ತೆವಾದ ಮೊದಲ ಎರಡು ಪೆನಾಲ್ಟಿ ತಡೆದಿದ್ದ. ಆ ಎರಡರ ವಿಡಿಯೋ ಯಾರೂ ಕಳಿಸಲ್ಲ.