ಸಣ್ಣ ರಂಧ್ರದ ಕೈಚಳಕ

ದ್ರಾಕ್ಷಿ ಚಪ್ಪರದಡಿ ಕೈಯೆತ್ತಿ ದುಡಿಯುವ ತಮಿಳುನಾಡಿನ ಗೂಡಲೂರು, ಕಂಬಂ ಕಡೆಯ ಕನ್ನಡ ಮನೆಗಳಲ್ಲೂ ‘ಹೊಟ್ಟೆ ಕುಯ್ಯಬೇಕು’ ಎಂದರೆ ಎರಡು ಭಯ: ಕರುಳಿನ ಕ್ಯಾನ್ಸರ್ ಒಂದು, ಗಾಯ ಮಾಯುವವರೆಗೆ ತಪ್ಪುವ ಕೂಲಿ ಇನ್ನೊಂದು.

ಎರಡನೆಯದನ್ನು ಕುಗ್ಗಿಸಿದ್ದು ಲ್ಯಾಪರೊಸ್ಕೋಪಿ. ನಾಲ್ಕೈದು ಸಣ್ಣ ರಂಧ್ರ, ಅನಿಲ ತುಂಬಿ ಉಬ್ಬಿಸಿದ ಹೊಟ್ಟೆ, ಒಳಗೊಂದು ಕ್ಯಾಮೆರಾ. ಕತ್ತರಿಸಿದ ಕರುಳನ್ನು ಹೊರತೆಗೆಯಲಷ್ಟೇ ಕಿರಿದಾದ ಕೊಯ್ತ. ರೋಗ ಪೂರ್ತಿ ಹೋಗುತ್ತದೆಯೇ? ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ ಅಮೆರಿಕ, ಕೆನಡಾದ 872 ರೋಗಿಗಳ ಅಧ್ಯಯನ 2004ರಲ್ಲಿ ಉತ್ತರಿಸಿತು: ಮೂರು ವರ್ಷದಲ್ಲಿ ಮರುಕಳಿಸಿದ್ದು ಲ್ಯಾಪರೊಸ್ಕೋಪಿಯಲ್ಲಿ ಶೇ 16, ಹೊಟ್ಟೆ ತೆರೆದವರಲ್ಲಿ ಶೇ 18.

ಆಮೇಲೆ ರೋಬಾಟ್ ಬಂತು. ಕಿಬ್ಬೊಟ್ಟೆಯ ಇಕ್ಕಟ್ಟಿನಲ್ಲಿ ಮಣಿಕಟ್ಟಿನಂತೆ ತಿರುಗುವ ಅದರ ತೋಳು ಸೊಗಸೇ ಸರಿ. ಆದರೆ ಗುದನಾಳದ ಕ್ಯಾನ್ಸರ್‌ನ 471 ರೋಗಿಗಳ 2017ರ ಅಧ್ಯಯನದಲ್ಲಿ, ನಡುವೆಯೇ ಹೊಟ್ಟೆ ತೆರೆಯಬೇಕಾದ ಪ್ರಮಾಣ ರೋಬಾಟ್‌ಗೆ ಶೇ 8.1, ಲ್ಯಾಪರೊಸ್ಕೋಪಿಗೆ 12.2. ಸಂಖ್ಯಾಶಾಸ್ತ್ರ ಈ ಅಂತರವನ್ನು ಒಪ್ಪಲಿಲ್ಲ. ಖರ್ಚಂತೂ ಹೆಚ್ಚು.

ಆ ಅಧ್ಯಯನದ ಮಟ್ಟಿಗೆ, ಪಳಗಿದ ಕೈಯ ಲ್ಯಾಪರೊಸ್ಕೋಪಿಗಿಂತ ರೋಬಾಟ್ ಮೇಲೆಂದು ಹೇಳಲಾಗದು.